ಮಧ್ಯಂತರದ ಮುಂದಿನ ಕಥೆ

"ಹೆಂಗಸರೆಲ್ಲ ಸೇರಿ ಶೌಚಾಲಯದ ಬೀಗಕ್ಕೆ ಸುತ್ತಿಗೆ ಎತ್ತಿದರು. ಅಲ್ಲಿಗೆ ಮಧ್ಯಂತರ," ಎಂದು ಮೇಡಂ ಚಿತ್ರಕಥೆ ಹೇಳುವುದನ್ನು ನಿಲ್ಲಿಸಿದರು. ಹೊಲಿಗೆ ಕಾರ್ಖಾನೆಯ ಕಥೆ ಕೇಳುತ್ತಾ ನಿರ್ಮಾಪಕರು ಕುರ್ಚಿಯ ತುದಿಗೆ ಬಂದಿದ್ದರು. "ಅಬ್ಬಾ! ಪೋಸ್ಟರ್ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಹಾಕಿಸ್ತೀನಿ ಮೇಡಂ."

"ಬರೆದವಳು ಇವಳು ಅಂತ ಆಗಲೇ ಹೇಳಿದೆನಲ್ಲ ಸಾರ್." ಪಕ್ಕದಲ್ಲಿ ಶಿಷ್ಯೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಂಥದ್ದೇ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದ ಬೆರಳದು.

"ಅಯ್ಯೋ, ಈ ಮಗು ಹೆಸರು ನೋಡಿ ಟಿಕೆಟ್ ಯಾರು ತಗೋತಾರೆ? ಅದನ್ನ ಬಿಡಿ, ಮುಂದೆ ಹೇಳಿ."

ಮೇಡಂ ಕೈಗೆ ಸಿನಿಮಾ ಸಿಕ್ಕಿ ವರ್ಷಗಳಾಗಿದ್ದವು. ಚಿತ್ರಕಥೆಯ ಪಾಠ ಹೇಳಿಯೇ ಹೊಟ್ಟೆ ಹೊರೆಯುತ್ತಿದ್ದರು. ಈಗ ಹೂಂ ಅಂದಿದ್ದರೆ ಸಾಕಿತ್ತು. ಆದರೆ ಎದ್ದು, ಶಿಷ್ಯೆಯ ಹೆಗಲು ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಗೋಡೆಗೆ ಆತು ನಿಂತರು. "ಮುಂದಿನದು ನಾನು ಹೇಳಲ್ಲ ಸಾರ್. ಕೇಳೋದಾದ್ರೆ ಇವಳ ಬಾಯಲ್ಲೇ ಕೇಳಿ. ಹೇಳಮ್ಮ, ಬೀಗ ಒಡೆದರಾ?"

ನಿರ್ಮಾಪಕರು ಹುಬ್ಬು ಗಂಟಿಕ್ಕಿದರು. ಹೊರಡುವವರಂತೆ ಮೇಜಿನ ಮೇಲಿದ್ದ ಫೋನಿಗೆ ಕೈ ಚಾಚಿದರು.

"ಇಲ್ಲ ಸಾರ್," ಎಂದಳು ಹುಡುಗಿ. "ಅಷ್ಟರಲ್ಲಿ ಒಳಗಿಂದ ಯಾರೋ ಬಾಗಿಲು ಬಡಿದರು."

ಚಾಚಿದ ಕೈ ಅಲ್ಲೇ ನಿಂತಿತು. "ಯಾರಮ್ಮ ಅದು?" ಎಂದರು ನಿರ್ಮಾಪಕರು, ಅವಳನ್ನೇ ನೋಡುತ್ತಾ.