ಮುಳ್ಳು ನಲವತ್ತರಲ್ಲಿತ್ತು

ವರ್ಷದಿಂದ ನ್ಯಾಯಾಲಯದ ಅದೇ ಬೆಂಚಿನಲ್ಲಿ ಕೂತು ಕೂತು ಮಂದಾಕಿನಿಗೆ ಸಾಕಾಗಿಹೋಗಿತ್ತು. ಗಂಡನ ಕಾರು ಗುದ್ದಿ ಹಾಲು ಮಾರುವವನೊಬ್ಬನ ಕಾಲು ಮುರಿದಿತ್ತು. ಶಿಕ್ಷೆಯಾದರೆ ಜೈಲು, ಜೊತೆಗೆ ಕೆಲಸವೂ ಹೋಗುತ್ತಿತ್ತು. ಇಂದು ಗಂಡನೇ ಕಟಕಟೆ ಹತ್ತಿದ್ದ.

"ನಲವತ್ತರ ಮಿತಿಯ ರಸ್ತೆಯಲ್ಲಿ ಹಾರಿಸಿಕೊಂಡು ಬಂದಿರಲ್ಲ ಸ್ವಾಮಿ, ಯಾರ ಮದುವೆಗೆ ಮುಹೂರ್ತ ಮೀರುತ್ತಿತ್ತು?" ಸರ್ಕಾರಿ ವಕೀಲರು ಕೆಣಕಿದರು.

"ಇಲ್ಲ ಸಾರ್. ಸ್ಪೀಡೋಮೀಟರಿನ ಮುಳ್ಳು ಸರಿಯಾಗಿ ನಲವತ್ತರಲ್ಲಿತ್ತು."

"ಆ ಮುಳ್ಳನ್ನು ನಂಬೋದು ಹೇಗೆ?"

ಗಂಡನ ವಕೀಲರು ಎದ್ದರು. "ಮಹಾಸ್ವಾಮಿ, ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸುವಂತಿಲ್ಲ. ಮೀಟರು ಸರಿಯಿದೆಯೆಂದು ಪರೀಕ್ಷೆಯೂ ಆಗಿದೆ. ಅಂದಮೇಲೆ ನನ್ನ ಕಕ್ಷಿದಾರರು ನಲವತ್ತನ್ನು ದಾಟಿರಲು ಸಾಧ್ಯವೇ ಇಲ್ಲ."

ನ್ಯಾಯಾಧೀಶರು ತಲೆಯಾಡಿಸಿದರು. ಮಂದಾಕಿನಿ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಬಹಳ ದಿನಗಳ ಮೇಲೆ ಗೋಡೆಗೆ ಒರಗಿದಳು.

"ಮೊದಲು ನಲವತ್ತಿತ್ತು, ಸರಿ. ಗುದ್ದಿದ ಗಳಿಗೆಯಲ್ಲೂ ಅಷ್ಟೇ ಇತ್ತೆಂದು ಹೇಗೆ ಹೇಳ್ತೀರಿ?" ಸರ್ಕಾರಿ ವಕೀಲರು ಮತ್ತೆ ಕೇಳಿದರು.

ಅವೇ ಪ್ರಶ್ನೆಗಳಿಂದ ದಣಿದಿದ್ದ ಗಂಡ ತಟಕ್ಕನೆ ಅಂದ: "ಆಗಲೂ ನಲವತ್ತೇ ಸಾರ್. ನಾನು ಆ ಮುಳ್ಳಿನ ಮೇಲಿಂದ ಕಣ್ಣೇ ತೆಗೆದಿರಲಿಲ್ಲ."