ಚಪ್ಪಡಿಯಿಲ್ಲದ ಚರಂಡಿ

ಹೊಸ ಅಧ್ಯಕ್ಷೆ ಶಾಂಭವಿಗೆ ಅದು ಮೊದಲ ಪುರಸಭೆ ಸಭೆ. ನೀರೆಲ್ಲಿ, ಬೀದಿದೀಪವೆಲ್ಲಿ ಎಂದು ಸದಸ್ಯರೆಲ್ಲ ಒಟ್ಟಿಗೇ ಮೇಲೆ ಬಿದ್ದರು. ಕೊನೆಗೆ ಹಿರಿಯ ಸದಸ್ಯ ಗುರುಬಸಪ್ಪನವರು ಎದ್ದರು.

"ಅಧ್ಯಕ್ಷರ, ಸಂತೆಪೇಟಿ ಚರಂಡಿ ಬಾಯಿ ತಕ್ಕೊಂಡು ಕುಂತೈತಿ. ಯಾರರ ಬಿದ್ದು ಸತ್ತ ಮ್ಯಾಲ ಚಪ್ಪಡಿ ಹಾಕಸ್ತೀರೇನು?"

"ಯಜಮಾನ್ರ, ಇವತ್ತು ಹೊತ್ತಾತು. ಮುಂದಿನ ಸಭಾದಾಗ ಮೊದಲ ನಿಮ್ಮ ಚರಂಡಿನ ತಗೋತೀನಿ."

"ಹಿಂದಿನವರೂ ಹಿಂಗ ಅಂದಿದ್ರವ್ವಾ," ಎಂದು ಅವರು ನಕ್ಕು ಕೂತರು.

ಆ ನಗು ಶಾಂಭವಿಯನ್ನು ಮನೆಯವರೆಗೂ ಚುಚ್ಚಿತು. ಕೊಟ್ಟ ಮಾತಿನಂತೆ ಮುಂದಿನ ಸಭೆಗೆ ಚರಂಡಿಯನ್ನೇ ಮೊದಲ ವಿಷಯವಾಗಿ ಹಾಕಿಸಿದಳು.

ಅಂದು ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಅದೇ ಚರಂಡಿಗೆ ಬಿದ್ದು ಗುರುಬಸಪ್ಪನವರು ತೀರಿಕೊಂಡಿದ್ದರು.

ಶಾಂಭವಿ ಕಣ್ಣೊರೆಸಿಕೊಂಡಳು. "ಚರಂಡಿ ವಿಷಯ ಈಗಲೇ ತಗೋಳ್ರಿ."

ಮುಖ್ಯಾಧಿಕಾರಿ ಅವಳ ಕಿವಿಯ ಬಳಿ ಬಾಗಿದರು. "ಮೇಡಂ, ಸದಸ್ಯರು ತೀರಿಕೊಂಡಾಗ ಅವರ ಗೌರವಕ್ಕ ಸಭಾ ಮುಂದೂಡೋದು ಇಲ್ಲಿ ಪದ್ಧತಿ."