ಹಗೇವಿಗೆ ಇಳಿದ ಚಿಕ್ಕಪ್ಪ

ಹಳೆಯ ರಾಗಿಯ ಮುಗ್ಗಲು ವಾಸನೆ ಬಂದರೆ ಈಗಲೂ ಹೊಳಲ್ಕೆರೆ ಬಳಿಯ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ನೆಲದಡಿ ರಾಗಿ ತುಂಬಿಟ್ಟಿದ್ದ ಹಗೇವಿನ ಬಾಯಿ ತೆರೆದವನೇ ಚಿಕ್ಕಪ್ಪ ಒಳಗಿಳಿದ. "ಗಾಳಿ ಆಡ್ಲಿ, ತಡಿಯೋ ಮಗಾ!" ಎಂದು ಅಜ್ಜಿ ಕೂಗುವಷ್ಟರಲ್ಲಿ ಒಳಗೆ ಸದ್ದೇ ನಿಂತಿತ್ತು. ಹಗ್ಗಕ್ಕೆ ಕೊಕ್ಕೆ ಕಟ್ಟಿ ಮೇಲೆಳೆದಾಗ ಮೈ ಇನ್ನೂ ಬೆಚ್ಚಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೀಟಿಯ ಮೇಲೆ ಒಂದು ಇಂಗ್ಲಿಷ್ ಪದ ಬರೆದರು. ನಾನು ಅಕ್ಷರ ಕೂಡಿಸಿ ಓದಿ, "ಅಸ್ಫಿಕ್ಸಿಯಾ ಅಂದ್ರೇನ್ರಿ?" ಎಂದೆ.

"ಉಸಿರು ಕಟ್ಟೋದು. ಗ್ರೀಕ್ ಭಾಷೇಲಿ ಅದರ ಮೂಲ ಅರ್ಥ, ನಾಡಿ ಇಲ್ಲ ಅಂತ," ಎಂದರು.

ಮಗನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂತಿದ್ದ ಅಜ್ಜಿ ತಟ್ಟನೆ ತಲೆಯೆತ್ತಿದಳು. "ಐತಲ್ರೀ! ಬಡೀತಾ ಐತೆ, ಮುಟ್ಟಿ ನೋಡ್ರಿ."

ಡಾಕ್ಟರಮ್ಮ ಮುಟ್ಟಿದರು. ಆಮೇಲೆ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, "ಅದು ನಿಮ್ಮದೇ ನಾಡಿ, ಅಜ್ಜಿ," ಎಂದರು.